ಸೋದರಮಾವನ ಮುಖದ ಮೇಲೆ ಮಡಚಿದ ಮೂಲೆ

ನಮ್ಮ ವಿರುದುನಗರದಲ್ಲಿ ಒಬ್ಬ ಮನುಷ್ಯ ಬದುಕಿದ್ದಾನೆ ಎಂಬುದಕ್ಕೆ ಅವನ ಉಸಿರಾಟವನ್ನು ಯಾರೂ ಸಾಕ್ಷಿಯಾಗಿ ಒಪ್ಪುವುದಿಲ್ಲ. ಫ್ಲೆಕ್ಸು ಬೇಕು. ಮಗು ಹುಟ್ಟಿದರೆ ಫ್ಲೆಕ್ಸು, ಹುಡುಗಿ ಮೈನೆರೆದರೆ ಫ್ಲೆಕ್ಸು, ಕಿವಿ ಚುಚ್ಚಿಸಿದರೆ ಫ್ಲೆಕ್ಸು, ಸತ್ತರೆ ಎರಡು ದೊಡ್ಡ ಕಣ್ಣುಗಳಿಂದ ನೀರು ಸುರಿಯುವ ಮತ್ತೊಂದು ಫ್ಲೆಕ್ಸು. ಪ್ರತಿಯೊಂದರಲ್ಲೂ ಐವತ್ತು ಅರವತ್ತು ಮುಖ. ಯಾರ ಮುಖ ದೊಡ್ಡದು, ಯಾರದು ಮೇಲಿನ ಸಾಲು, ಯಾರದು ಕೆಳಗಿನ ಮೂಲೆ ಎಂಬುದರ ಮೇಲೆ ಇಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಗೊತ್ತಾದ ಸಂಬಂಧಗಳು ಮುರಿದುಬಿದ್ದಿವೆ. ಬೀದಿಬೀದಿಯಲ್ಲಿ ಹಲ್ಲು ಕಿರಿದು ನಿಂತಿರುವ ಈ ಮುಖಗಳಲ್ಲಿ ಮುಕ್ಕಾಲು ಪಾಲನ್ನು ಕತ್ತರಿಸಿ, ತೊಳೆದು, ಬೆಳ್ಳಗೆ ಮಾಡಿ ಜೋಡಿಸಿದವಳು ಜೆಯಕ್ಕೊಡಿ. ಅವಳ ಮುಖ ಮಾತ್ರ ಒಂದರಲ್ಲೂ ಇಲ್ಲ.

ನಲವತ್ತೊಂದು ವಯಸ್ಸು. ಗಂಡ ಬೇಳೆ ಮಿಲ್ಲಿನಲ್ಲಿ ಮೂಟೆ ಹೊಲಿಯುತ್ತಾನೆ. ಮಕ್ಕಳಿಲ್ಲ, ಅದಕ್ಕೆ ಊರು ಕೊಡಬೇಕಾದ ಸಲಹೆಗಳನ್ನೆಲ್ಲ ಕೊಟ್ಟು ಈಗ ಸುಸ್ತಾಗಿದೆ. ದೇವಸ್ಥಾನದ ಕೊಳವಾದ ತೆಪ್ಪಕ್ಕುಳದ ಹಿಂದಿನ ಬೀದಿಯ 'ಅನ್ನೈ ಡಿಜಿಟಲ್ಸ್' ಎಂಬ ಫ್ಲೆಕ್ಸ್ ಅಂಗಡಿಯಲ್ಲಿ ಅವಳಿಗೆ ಹದಿನೇಳು ವರ್ಷದ ಕುರ್ಚಿ. ಮಾಲೀಕ ಸವರಿಮುತ್ತು, ನಮ್ಮ ಕಡೆಯ ಪದ್ಧತಿಯಂತೆ ಎಲ್ಲರ ಬಾಯಲ್ಲಿ 'ಅಣ್ಣಾಚ್ಚಿ'. ಇಂಥ ಅಣ್ಣಾಚ್ಚಿಗಳಿಗೆ ಹಣೆಯ ಮೇಲೆ ದೇವರು ಒಂದೇ ವಾಕ್ಯ ಬರೆದು ಕಳಿಸಿರುತ್ತಾನೆ: ಗಿರಾಕಿ ಹೇಳಿದ್ದು ಸರಿ.

ಜೆಯಕ್ಕೊಡಿ ಕಾಲೇಜು ಕಂಡವಳಲ್ಲ. ಹತ್ತನೇ ತರಗತಿ ಮುಗಿಸಿ ಬೆಂಕಿಪೆಟ್ಟಿಗೆ ಕಾರ್ಖಾನೆಗೆ ಲೇಬಲ್ ಅಂಟಿಸಲು ಹೋದವಳು. ಆರು ವರ್ಷ ಕಾಗದವೇ ಅವಳ ಬೆರಳ ತುದಿಯಲ್ಲಿ. ಅಂಟು ಸವರಿದ ಲೇಬಲ್ಲು ಒಣಗಿದ ಮಗ್ಗುಲಿಗೆ ಹೇಗೆ ಸುರುಳಿಯಾಗಿ ಏಳುತ್ತದೆ, ಎದ್ದ ಮೂಲೆಯ ಬೆನ್ನಿಗೆ ಬೆಳಕು ಎಲ್ಲಿ ಹೊಳೆಯುತ್ತದೆ, ಅದರ ಕೆಳಗೆ ನೆರಳು ಎಲ್ಲಿ ಗಾಢ, ಎಲ್ಲಿ ತೆಳು ಎಂಬುದನ್ನು ಆಗಲೇ ನೋಡಿಟ್ಟಿದ್ದಳು. ಯಾತಕ್ಕೆ ನೋಡಿದಳೋ ಅವಳಿಗೂ ಗೊತ್ತಿರಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಟೈಪಿಂಗ್ ಸೆಂಟರಿನಲ್ಲಿ ಕಸ ಗುಡಿಸುವ ಕೆಲಸ ಹಿಡಿದಳು. ಗುಡಿಸುತ್ತ ಗುಡಿಸುತ್ತ ಪರದೆಗಳ ಕಡೆ ಕಣ್ಣು ಹಾಯಿಸಿಯೇ ಫೋಟೋಶಾಪ್ ಕಲಿತಳು. ಕಲಿಸಿದವರು ಯಾರೂ ಇಲ್ಲ. ಈಗ ಕಲಿಸಿದೆವು ಎನ್ನುವವರು ಐದಾರು ಮಂದಿ ಇದ್ದಾರೆ.

ಅವಳಿಗೆ ಹೆಸರು ತಂದದ್ದು ಮೂಲೆ ಮಡಿಕೆ. ಗಿರಾಕಿಗಳು ಅದನ್ನು ಪೇಜ್ ಕರ್ಲ್ ಅನ್ನುತ್ತಾರೆ. ಫೋಟೋದ ಕೆಳಗಿನ ಮೂಲೆ ಪುಸ್ತಕದ ಹಾಳೆಯಂತೆ ಮೇಲೆದ್ದು ಸುರುಳಿಯಾಗಿ, ಅದರ ಅಡಿಯಿಂದ ಮತ್ತೊಂದು ಚಿತ್ರ ಇಣುಕುವುದು. ಈಗ ಇದಕ್ಕೆ ಸಿದ್ಧ ಸಲಕರಣೆ ಬಂದಿದೆ. ಒಂದು ಗುಂಡಿ ಒತ್ತಿದರೆ ಮೂಲೆ ಏಳುತ್ತದೆ, ದನದ ಕೊಟ್ಟಿಗೆಯ ತಗಡು ಗಾಳಿಗೆ ಕಿತ್ತುಕೊಂಡ ಹಾಗೆ. ಜೆಯಕ್ಕೊಡಿ ಆ ಗುಂಡಿಯನ್ನು ಒತ್ತಿದವಳಲ್ಲ. ಪೆನ್ ಸಲಕರಣೆಯಿಂದ ಬಾಗು ಗೆರೆಯನ್ನು ತಾನೇ ಎಳೆದು, ಮೂಲೆಯನ್ನು ಕತ್ತರಿಸಿ ಬೇರೆ ಪದರಕ್ಕೆ ಹಾಕಿ, ಮಗುಚಿ, ಬೆನ್ನಿಗೆ ಕಪ್ಪು, ಬಿಳಿ, ಮತ್ತೆ ಬೂದು ಎಂದು ಬಣ್ಣ ಇಳಿಸಿ, ಅಡಿಯ ನೆರಳನ್ನು ಬುಡದಲ್ಲಿ ಗಟ್ಟಿಯಾಗಿ ತುದಿಯಲ್ಲಿ ಹೊಗೆಯಂತೆ ಬಿಡುತ್ತಿದ್ದಳು. ಕೊನೆಗೆ ಇನ್ನೊಂದು ಕೆಲಸ. ತೆಳು ಕಾಗದದ ಬೆನ್ನಿನಲ್ಲಿ ಮುಂಬದಿಯ ಚಿತ್ರ ಮಸುಕಾಗಿ, ತಿರುಗುಮುರುಗಾಗಿ ಕಾಣುತ್ತದಲ್ಲ, ಅದನ್ನೂ ಮೂಡಿಸುತ್ತಿದ್ದಳು. ಇಷ್ಟೆಲ್ಲ ನೋಡುವ ಕಣ್ಣು ಊರಿನಲ್ಲಿ ಒಂದೂ ಇರಲಿಲ್ಲ. ಆದರೂ ಮಧುರೆಯಿಂದ ಜನ ಬರುತ್ತಿದ್ದರು, "ಆ ಅಕ್ಕ ಮಡಚಿದರೆ ಕೈ ಹಾಕಿ ತಿರುವೋಣ ಅನ್ಸುತ್ತೆ" ಎನ್ನುತ್ತ.

ಹೊಗಳಿಕೆ ಕೆಟ್ಟದ್ದು. ತಲೆಗಲ್ಲ, ಕಣ್ಣಿಗೆ ಏರುತ್ತದೆ. ಏರಿದ ಮೇಲೆ ಕೆಲಸ ಕಾಣುತ್ತದೆ, ಕೆಲಸ ಯಾರ ಮೇಲೆ ಬೀಳುತ್ತಿದೆ ಎಂಬುದು ಕಾಣುವುದಿಲ್ಲ.

ಹೋದ ಮಾಸಿ ತಿಂಗಳಲ್ಲಿ, ಶಿವರಾತ್ರಿಯ ಆಸುಪಾಸಿಗೆ, ವೇಲ್ಚಾಮಿ ಅಂಗಡಿಗೆ ಬಂದ. ಈ ವೇಲ್ಚಾಮಿ ನಿವೇಶನ ಮಾರುವವನು. ಕೆರೆಯಂಗಳಕ್ಕೆ ಕಲ್ಲು ನೆಟ್ಟು, ಕಲ್ಲಿಗೆ ಬಿಳಿ ಬಳಿದು, ಅದಕ್ಕೆ ಯಾವುದಾದರೂ ಹೆಣ್ಣುಮಗುವಿನ ಹೆಸರಿಟ್ಟು 'ನಗರ' ಎನ್ನುವ ಜಾತಿ. ಕುತ್ತಿಗೆಯಲ್ಲಿ ನಾಯಿ ಕಟ್ಟುವಷ್ಟು ದಪ್ಪದ ಸರ. ಅವನ ಮಗಳು ಯಾಳಿನಿಗೆ ಮೂರು ವರ್ಷ. ತಲೆ ಬೋಳಿಸಿ ಕಿವಿ ಚುಚ್ಚಿಸುವ ಶಾಸ್ತ್ರ. ಕಲ್ಯಾಣ ಮಂಟಪ ಹಿಡಿದಾಗಿದೆ, ಸಾವಿರ ಜನಕ್ಕೆ ಆಡಿನ ಬಿರಿಯಾನಿ. ಬಾಗಿಲ ಮೇಲೆ ಮೂವತ್ತಡಿ ಅಗಲದ ಫ್ಲೆಕ್ಸು.

"ಮೂವತ್ತಡಿಗೂ ಒಂದೇ ಮಡಿಕೆ ಬೇಕು ಕಣಮ್ಮಾ," ಅಂದ. "ಬಲಗಡೆ ಕೆಳಗಿನ ಮೂಲೆ. ಆಳೆತ್ತರಕ್ಕೆ ಏಳ್ಬೇಕು. ನಿನ್ ಕೈ ಇದೆ ಅಂತ್ಲೇ ಬಂದಿದ್ದು."

ಆಳೆತ್ತರದ ಮಡಿಕೆ! ಅಷ್ಟು ದೊಡ್ಡದನ್ನು ಅವಳು ಯಾವತ್ತೂ ಮಾಡಿರಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಅವನು ಅರವತ್ತನಾಲ್ಕು ಫೋಟೋಗಳ ಪಟ್ಟಿ ಕೊಟ್ಟ. ಮೇಲಿನ ಸಾಲಿಗೆ ಪಕ್ಷದವರು, ನಡುವೆ ತಾನು, ಹೆಂಡತಿ, ಮಗು. ಬಲಗಡೆ ಕೆಳಗಿನ ಮೂಲೆಗೆ ಒಂದೇ ಫೋಟೋ. ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ, ಉಸಿರು ಬಿಗಿಹಿಡಿದ ಮುಖ.

"ಇವ್ರು?"

"ಸೋದರಮಾವ. ನಮ್ಮಾಕೆ ಅಣ್ಣ."

ಅವಳಿಗೆ ಆಗ ಗುರುತು ಹತ್ತಿತು. ಬಸ್ ನಿಲ್ದಾಣದ ಮುಂದಿನ ಗಾಡಿಯಲ್ಲಿ ಎಣ್ಣೆ ಪರೋಟ ಕರಿಯುವ ಇರುಳಪ್ಪನ್. ಊರಿನಲ್ಲಿ ಅವನ ಕೈಯ ಪರೋಟ ತಿನ್ನದವನಿಲ್ಲ. ಬನಿಯನ್ ಬಿಟ್ಟು ಬೇರೆ ಉಡುಪಿನಲ್ಲಿ ಅವನನ್ನು ನೋಡಿದವರೂ ಇಲ್ಲ.

"ಅಣ್ಣಾ, ಮಡಿಕೆ ಇವ್ರ ಮುಖದ ಮೇಲೇ ಬೀಳುತ್ತಲ್ಲ?"

"ಬೀಳ್ಲಿ." ವೇಲ್ಚಾಮಿ ನಕ್ಕ. "ಅದಕ್ಕೇ ಅಲ್ವಾ ಹೇಳ್ತಿರೋದು. ಬರೋರೆಲ್ಲ ದೊಡ್ಡ ದೊಡ್ಡ ಜನ. ಬಾಗ್ಲಲ್ಲೇ ಪರೋಟ ಮಾಸ್ಟರ್ ಮುಖ ನೋಡ್ಕೊಂಡು ಒಳಗೆ ಬರ್ಬೇಕಾ? ಹಾಕ್ದೇ ಇದ್ರೆ ಹೆಂಡ್ತಿ ಕಡೆಯೋರು ಎಗರಾಡ್ತಾರೆ, ಅವನು ಬರಲ್ಲ, ಶಾಸ್ತ್ರ ನಿಲ್ಲುತ್ತೆ. ಈಗ ನೋಡು, ಹಾಕಿದ ಹಾಗೂ ಆಯ್ತು, ಕಾಣ್ದ ಹಾಗೂ ಆಯ್ತು."

"ಕೇಳಿದ್ರೆ?"

"ಕಂಪ್ಯೂಟರ್ ಮಡಚಿತು ಅಂದ್ರಾಯ್ತು."

ನಮ್ಮಲ್ಲಿ ಸೋದರಮಾವನ ತೊಡೆಯ ಮೇಲೆ ಕೂರದೆ ಮಗುವಿನ ಕಿವಿಗೆ ಸೂಜಿ ಬೀಳುವುದಿಲ್ಲ. ತಂದೆ ಕೋಟ್ಯಧೀಶನಾದರೂ ಆ ಹೊತ್ತಿಗೆ ಅವನು ಪಕ್ಕದಲ್ಲಿ ನಿಂತು ನೋಡುವ ಆಸಾಮಿ. ವೇಲ್ಚಾಮಿಯಂಥವರಿಗೆ ಇದು ಗಂಟಲಲ್ಲಿ ಸಿಕ್ಕ ಮುಳ್ಳು. ಆ ತೊಡೆ ಅವನಿಗೆ ಬೇಕಾಗಿತ್ತು, ತೊಡೆಯ ಮೇಲಿದ್ದ ಮುಖ ಬೇಡವಾಗಿತ್ತು.

ಜೆಯಕ್ಕೊಡಿಗೆ ಇದೆಲ್ಲ ಅರ್ಥವಾಗಲಿಲ್ಲವೇ? ಆಯಿತು. ಆಮೇಲೆ ಅವಳು ಕೇಳಿದ ಪ್ರಶ್ನೆಯನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಆದರೂ ಬರೆಯಬೇಕು. "ಮಡಿಕೆ ಅಡಿಯಿಂದ ಏನು ಕಾಣ್ಬೇಕಣ್ಣಾ?" ಎಂದು ಕೇಳಿದಳು.

"ನಮ್ಮ ಹೊಸ ಲೇಔಟು. ಯಾಳಿನಿ ನಗರ. ಫೋನ್ ನಂಬರ್ ದಪ್ಪಗೆ ಹಾಕು."

ಮೂರು ದಿನ ಅವಳು ಆ ಮಡಿಕೆಯ ಮೇಲೆ ಕೂತಳು. ಮಗುವಿನ ಮುಖಕ್ಕೆ ಎಡಗಡೆಯಿಂದ ಬೆಳಕು ಬಿದ್ದಿತ್ತು. ಸುರುಳಿಗೂ ಎಡಗಡೆಯಿಂದಲೇ ಬೆಳಕು ಕೊಟ್ಟಳು. ಹಾಳೆಯ ಬೆನ್ನಿನ ಮೇಲೆ ಇರುಳಪ್ಪನ ಮುಖದ ಮಸುಕು ನೆರಳನ್ನು ಅಡ್ಡವಾಗಿ, ತಿರುವುಮುರುವಾಗಿ ಮೂಡಿಸಿದಳು. ಸುರುಳಿಯ ಅಂಚಿನಲ್ಲಿ ಅವನ ಒಂದು ಕಿವಿ ಮಾತ್ರ ಮಡಿಕೆಗೆ ಸಿಗದೆ ಹೊರಗೆ ಉಳಿಯಿತು. ವೇಲ್ಚಾಮಿ ನೋಡಿ, "ಕಿವಿ ಇರ್ಲಿ ಬಿಡು, ಕಿವಿ ಶಾಸ್ತ್ರ ತಾನೇ" ಎಂದು ತನ್ನ ಮಾತಿಗೆ ತಾನೇ ತೊಡೆ ತಟ್ಟಿಕೊಂಡ. ಅಣ್ಣಾಚ್ಚಿಯೂ ನಕ್ಕ. ಮಾಲೀಕರು ಗಿರಾಕಿಯ ಹಾಸ್ಯಕ್ಕೆ ನಗುವುದು ರಸೀದಿಯ ಜೊತೆಗೆ ಉಚಿತ.

ಶಾಸ್ತ್ರದ ಹಿಂದಿನ ದಿನ ಮಧ್ಯಾಹ್ನ ಫ್ಲೆಕ್ಸು ಹಿಂದಿನ ಕೋಣೆಯ ಯಂತ್ರದಲ್ಲಿ ಅಚ್ಚಾಗುತ್ತಿತ್ತು. ಆಗ ಇರುಳಪ್ಪನ್ ಬಂದ. ಗಾಡಿ ಹಚ್ಚುವ ಮೊದಲಿನ ಬಿಡುವು. ಮೈಯಿಂದ ಆಗಲೇ ಎಣ್ಣೆಯ ವಾಸನೆ. ಚಪ್ಪಲಿಯನ್ನು ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತು ತಲೆ ತುರಿಸಿಕೊಂಡ.

"ಅಕ್ಕಾ, ನನ್ ಫೋಟೋ ಬಂತಾ?"

"ಬಂತು."

"ಸ್ಟುಡಿಯೋದವನು ನಗ್ಬೇಡ ಅಂದ್ಬಿಟ್ಟ. ನಕ್ರೆ ಪಾನ್ ಹಲ್ಲು ಕಾಣುತ್ತಂತೆ. ಅಂಗಿನೂ ಅವನ್ದೇ, ಬೆನ್ನಿಗೆ ಪಿನ್ ಹಾಕಿದ್ದ. ಫ್ಲೆಕ್ಸಲ್ಲಿ ಪಿನ್ ಕಾಣಲ್ಲ ತಾನೇ?"

"ಕಾಣಲ್ಲ."

"ಮುಖ? ನಮ್ಮವಳು ಬಂದು ನೋಡ್ಕೊಂಡು ಬಾ ಅಂದ್ಲು. ಅವಳಿಗೆ ಎಲ್ಲದ್ರಲ್ಲೂ ಅನುಮಾನ. ನಾನಂದೆ, ಲೇ, ತಂಗಿ ಮಗೂದು ಶಾಸ್ತ್ರ, ಮಾವನ ಮುಖ ಇಲ್ದೆ ಹಾಕ್ತಾರಾ?"

ಗೋಡೆಯ ಹಿಂದೆ ಯಂತ್ರ ಎಡಕ್ಕೂ ಬಲಕ್ಕೂ ಓಡಾಡುತ್ತಿತ್ತು. ಮಡಿಕೆಯ ಭಾಗ ಇನ್ನೂ ಅಚ್ಚಾಗಿರಲಿಲ್ಲ. ಎದ್ದು ಹೋಗಿ ಒಂದು ಕೆಂಪು ಗುಂಡಿ ಒತ್ತಿದ್ದರೆ ನಿಲ್ಲುತ್ತಿತ್ತು. ಜೆಯಕ್ಕೊಡಿ ಎದುರಿನ ಪರದೆಯ ಮೇಲಿದ್ದ ಚಿತ್ರವನ್ನು ಕಿರಿದು ಮಾಡಿದಳು, ಅವನಿಗೆ ಕಾಣದ ಹಾಗೆ.

"ಚೆನ್ನಾಗಿ ಬಂದಿದೆ," ಅಂದಳು.

"ಗಾಡಿ ಹತ್ರ ಬಾಕ್ಕಾ ಒಂದ್ಸಲ, ಬಿಸಿ ಬಿಸಿ ಹಾಕ್ಕೊಡ್ತೀನಿ," ಎಂದು ಹೇಳಿ ಅವನು ಹೋದ. ಹೋಗುವಾಗ ಗಾಜಿನ ಬಾಗಿಲಿನಲ್ಲಿ ತನ್ನ ಮುಖವನ್ನು ಒಮ್ಮೆ ನೋಡಿಕೊಂಡ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಸೋದರಮಾವನ ಸೀರಿನ ಮೆರವಣಿಗೆ ಹೊರಟಿತು. ಸೀರು ಎಂದರೆ ತವರಿನ ಕಡೆಯವರು ಹೊತ್ತು ತರುವ ಕಾಣಿಕೆ. ವೇಲ್ಚಾಮಿಯ ಲೆಕ್ಕದಲ್ಲಿ ಇರುಳಪ್ಪನ್ ಐದು ತಟ್ಟೆ ತಂದರೆ ಹೆಚ್ಚು. ಅವನು ಇಪ್ಪತ್ತೊಂದು ತಂದಿದ್ದ. ಹಣ್ಣು, ಬೆಲ್ಲ, ಕೊಬ್ಬರಿ ಮಿಠಾಯಿ, ಮಗುವಿಗೆ ರೇಷ್ಮೆ ಲಂಗ, ಪುಟ್ಟ ಕಾಲ್ಗೆಜ್ಜೆ, ಎಲ್ಲದರ ಮುಂದೆ ವೀಳ್ಯದೆಲೆಯ ಮೇಲೆ ಒಂದು ಜೊತೆ ಚಿನ್ನದ ಓಲೆ. ಅವನ ಓಣಿಯ ಹೆಂಗಸರು ತಟ್ಟೆ ಹೊತ್ತಿದ್ದರು. ಮುಂದೆ ಉರುಮೆ ಬಾರಿಸುವವರು. ಬಸ್ ನಿಲ್ದಾಣದ ಚಹಾದವನು, ಹೂವಿನವಳು, ಇಬ್ಬರು ಕಂಡಕ್ಟರುಗಳು ಜೊತೆಗೆ. ಇರುಳಪ್ಪನ್ ಹೊಸ ಬಿಳಿ ಅಂಗಿ ತೊಟ್ಟಿದ್ದ. ಈ ಸಲ ಅವನದೇ.

ಮಂಟಪದ ಬಾಗಿಲಿಗೆ ಬಂದು ಎಲ್ಲರೂ ತಲೆ ಎತ್ತಿದರು.

ಮೊದಲು ಹುಡುಕಿದರು. ನಡುವಿನ ಸಾಲು ನೋಡಿದರು, ಇಲ್ಲ. ಮೇಲೆ ಪಕ್ಷದವರು. ಎಡಕ್ಕೆ ವೇಲ್ಚಾಮಿಯ ಚಿಕ್ಕಪ್ಪನ ಅಳಿಯನ ಗೆಳೆಯ ಕೂಡ ಕರಿ ಕನ್ನಡಕ ಹಾಕಿ ನಿಂತಿದ್ದಾನೆ. ಇರುಳಪ್ಪನ ಹೆಂಡತಿ ಸೊರ್ಣಂ ಕೈಯಲ್ಲಿದ್ದ ತಟ್ಟೆಯನ್ನು ಇನ್ನೊಬ್ಬಳಿಗೆ ಕೊಟ್ಟು ಮೂಲೆಯ ಹತ್ತಿರ ಹೋದಳು.

"ರೀ, ಇದು ನಿಮ್ ಕಿವಿ ಅಲ್ವಾ?"

ಉರುಮೆ ನಿಂತಿತು.

"ಹೂಂ, ನಿಮ್ದೇ. ತೂತು ಮುಚ್ಕೊಂಡಿರೋ ಕಿವಿ ಊರಲ್ಲಿ ಇನ್ಯಾರದಿದೆ? ಮುಖ ಎಲ್ಲಿ? ಅಯ್ಯೋ ನೋಡ್ರೇ, ಇಲ್ಲಿದೆ ನೋಡಿ, ಕಾಗದದ ಬೆನ್ನಲ್ಲಿ! ಹೆಣ ಮಲಗ್ಸಿದ ಹಾಗೆ ಅಡ್ಡ ಮಲಗ್ಸಿದಾರೆ. ಅದ್ರ ಕೆಳಗೆ ಸೈಟು ಮಾರಾಟಕ್ಕಿದೆ ಅಂತೆ. ವೇಲ್ಚಾಮಿ ಅಣ್ಣಾ! ಬನ್ನಿ ಹೊರಗೆ! ನಿಮ್ ಭಾವನ್ನ ಎಷ್ಟಕ್ಕೆ ಕೊಡ್ತೀರಾ, ಚದರಡಿಗೆ?"

ವೇಲ್ಚಾಮಿ ಬಂದ. ಹಿಂದೆ ನಾವೆಲ್ಲ ಬಂದೆವು. ನಾವು ಎಂದರೆ ಕರೆಯೋಲೆ ಸಿಕ್ಕಿದ ಗಣ್ಯರು, ಅರೆಗಣ್ಯರು, ಅಂಕಣ ಬರೆಯುವ ನಾನು. ಒಳಗೆ ಬರುವಾಗ ನಾವೆಲ್ಲ ಆ ಮೂಲೆಯನ್ನು ನೋಡಿದ್ದೆವು. ಒಬ್ಬನ ಬಾಯಿಂದಲೂ ಮಾತು ಹೊರಟಿರಲಿಲ್ಲ. ಬಿರಿಯಾನಿಯ ಪರಿಮಳ ಬರುತ್ತಿರುವಾಗ ಅನ್ಯಾಯ ಸ್ವಲ್ಪ ಮಸುಕಾಗಿ ಕಾಣುತ್ತದೆ.

"ಭಾವ, ತಪ್ಪು ತಿಳ್ಕೋಬೇಡಿ," ಎಂದು ವೇಲ್ಚಾಮಿ ಕೈ ಮುಗಿದ. "ನಾನು ಫೋಟೋ ಕೊಟ್ಟಿದ್ದೀನಿ, ಬೇಕಾದ್ರೆ ಅಂಗಡಿಯಲ್ಲಿ ಕೇಳಿ. ಆ ಹೆಂಗಸು ಮಾಡಿರೋ ಎಡವಟ್ಟು. ಓದಿಲ್ಲ ಬರ್ದಿಲ್ಲ, ಕಂಪ್ಯೂಟರ್ ಮುಂದೆ ಕೂರ್ಸಿದಾರೆ. ಕರ್ಸ್ತೀನಿ, ನಿಮ್ ಕಾಲಿಗೆ ಬೀಳಿಸ್ತೀನಿ."

ಕರೆಸಿದ. ಅಣ್ಣಾಚ್ಚಿ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದ. ದಾರಿಯುದ್ದಕ್ಕೂ ಅವನದು ಒಂದೇ ಪಾಠ: "ತಪ್ಪಾಯ್ತು ಅನ್ನು. ಒಂದು ಮಾತು. ನಿನ್ ಬಾಯಲ್ಲಿರೋ ಮುತ್ತು ಉದುರಲ್ಲ. ಇವನು ವರ್ಷಕ್ಕೆ ನಲವತ್ತು ಫ್ಲೆಕ್ಸ್ ಮಾಡಿಸ್ತಾನೆ."

ಅವಳು ಇಳಿದಾಗ ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದವಳು ಮಾರೀಶ್ವರಿ, ವೇಲ್ಚಾಮಿಯ ಹೆಂಡತಿ, ಇರುಳಪ್ಪನ ತಂಗಿ. ಕಣ್ಣಿನ ಕಾಡಿಗೆ ಕೆನ್ನೆಗೆ ಇಳಿದಿತ್ತು.

"ಅಕ್ಕಾ, ನಿಮ್ದು ತಪ್ಪಿಲ್ಲ ಅಂತ ನಂಗೊತ್ತು. ಆದ್ರೂ ನಿಮ್ದೇ ಅಂದ್ಬಿಡಿ. ಕೈ ತಪ್ಪಿ ಆಯ್ತು ಅಂದ್ರೆ ಅಣ್ಣಂಗೆ ಒಳಗೆ ಬರೋಕೆ ಒಂದು ನೆಪ ಸಿಗುತ್ತೆ. ಬೇಕೂಂತ ಮಾಡಿದ್ದು ಅಂದ್ರೆ ಅವನು ಹೇಗೆ ಬರ್ತಾನೆ? ಇವತ್ತು ತಿರುಗಿ ಹೋದ್ರೆ ಇನ್ನು ಈ ಮನೆ ಮೆಟ್ಲು ಹತ್ತಲ್ಲ. ನನಗಿರೋದು ಅವನೊಬ್ಬನೇ."

ಸುಳ್ಳಿಗೆ ಇಷ್ಟು ಒಳ್ಳೆಯ ಕಾರಣ ಯಾವ ವಕೀಲನೂ ಕೊಡಲಾರ. ಗಂಡ ಹೇಳಿಸಿದರೆ ಹೇಸಿಗೆ ಎನಿಸುವ ಮಾತನ್ನೇ ಹೆಂಡತಿ ಕಣ್ಣೀರು ಹಾಕಿ ಕೇಳುತ್ತಿದ್ದಳು. ಜೆಯಕ್ಕೊಡಿ ತಲೆಯಾಡಿಸಿದಳು. ಇರುಳಪ್ಪನ ಮುಂದೆ ಹೋಗಿ ನಿಂತಳು.

"ತಪ್ಪು ನಂದೇ," ಅಂದಳು.

ಅಲ್ಲಿದ್ದವರೆಲ್ಲ ಉಸಿರು ಬಿಟ್ಟರು. ವೇಲ್ಚಾಮಿ, "ನಾನ್ ಹೇಳ್ಲಿಲ್ವಾ" ಎಂದು ಜನರ ಕಡೆ ತಿರುಗಿದ. "ಕಾಲಿಗೆ ಬೀಳು, ಬೀಳು. ಮುಹೂರ್ತಕ್ಕೆ ಇಪ್ಪತ್ತೇ ನಿಮಿಷ ಇರೋದು. ಭಾವ, ಬನ್ನಿ ಒಳಗೆ, ನಿಮ್ಗೆ ಅಂತ ಸಿಂಹಾಸನದ ಕುರ್ಚಿ ಹಾಕ್ಸಿದ್ದೀನಿ."

ಇರುಳಪ್ಪನ್ ಅಲುಗಲಿಲ್ಲ. ಜಗಳದ ದನಿಯೂ ಅವನದಾಗಿರಲಿಲ್ಲ. ಗಾಡಿಯ ಹತ್ತಿರ 'ಎಷ್ಟು ಬೇಕು' ಎಂದು ಕೇಳುವ ಹಾಗೆ ಕೇಳಿದ.

"ಅಕ್ಕಾ, ನಿನ್ನೆ ನಾನು ಬಂದಾಗ ಚೆನ್ನಾಗಿ ಬಂದಿದೆ ಅಂದ್ಯಲ್ಲ. ಆಗ ನನ್ ಮುಖ ಇತ್ತಾ?"

ಅವಳು ಬಾಯಿ ತೆರೆದಳು. ಮಾರೀಶ್ವರಿ ಅವಳನ್ನೇ ನೋಡುತ್ತಿದ್ದಳು. ಅಣ್ಣಾಚ್ಚಿ ಸ್ಕೂಟರಿನ ಹಾರ್ನ್ ಮೇಲೆ ಕೈ ಇಟ್ಟು ನಿಂತಿದ್ದ.

"ಇರ್ಲಿಲ್ಲ," ಅಂದಳು. "ಮೂರು ದಿನದ ಹಿಂದೇನೇ ಮಡಚಾಗಿತ್ತು. ಮಡಚು ಅಂದ್ರು, ಮಡಚಿದೆ. ನಿಮ್ ಮುಖ ಮುಚ್ಚುತ್ತೆ ಅಂತ ಕೇಳ್ದೆ. ಮುಚ್ಚಲಿ ಅಂದ್ರು. ನೀವು ಬಂದಾಗ ಫ್ಲೆಕ್ಸು ಒಳಗೆ ಅಚ್ಚಾಗ್ತಿತ್ತು. ನಿಲ್ಲಿಸ್ಬೋದಿತ್ತು. ನಿಲ್ಲಿಸ್ಲಿಲ್ಲ. ಮಡಿಕೆ ಚೆನ್ನಾಗಿ ಬಂದಿತ್ತು, ಅದನ್ನ ಕೆಡಿಸೋಕೆ ಮನಸ್ಸು ಬರ್ಲಿಲ್ಲ."

"ಸುಳ್ಳು!" ಎಂದು ವೇಲ್ಚಾಮಿ ಕೂಗಿದ. "ಯಾರೋ ದುಡ್ಡು ಕೊಟ್ಟು ಹೇಳಿಸ್ತಿದಾರೆ! ಅಣ್ಣಾಚ್ಚಿ, ಏನಿದು?"

ಅಣ್ಣಾಚ್ಚಿ ಆಕಾಶ ನೋಡಿದ. ನಾವು ಗಣ್ಯರು ನಮ್ಮ ನಮ್ಮ ಫೋನು ನೋಡಿಕೊಂಡೆವು.

ಸೊರ್ಣಂ ಓಲೆಯ ತಟ್ಟೆಯನ್ನು ಎತ್ತಿಕೊಂಡಳು. "ನಡೀರಿ, ಹೋಗೋಣ. ತಟ್ಟೆ ತಿರುಗಿಸ್ರೇ ಎಲ್ಲಾ." ಹೆಂಗಸರು ತಿರುಗಿದರು. ಸೀರಿನ ತಟ್ಟೆ ಬಾಗಿಲವರೆಗೆ ಬಂದು ತಿರುಗಿದರೆ ಆ ಎರಡು ಮನೆಗಳ ನಡುವೆ ಮೂರು ತಲೆಮಾರು ನೀರು ಕುಡಿಯುವುದಿಲ್ಲ. ಮಾರೀಶ್ವರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಇರುಳಪ್ಪನ್ ಹೆಂಡತಿಯ ಕೈಯಿಂದ ತಟ್ಟೆ ತೆಗೆದುಕೊಂಡ. ಹೆಗಲ ಮೇಲಿದ್ದ ಟವೆಲನ್ನು ಕೊಡವಿ, ಮಂಟಪದ ಹೊಸಿಲಿನಿಂದ ಹೊರಗೆ, ಬೀದಿಯ ಕಲ್ಲಿನ ಮೇಲೆ ಹಾಸಿದ. ಚಕ್ಕಳಬಕ್ಕಳ ಹಾಕಿ ಕೂತ. ಓಲೆಯ ತಟ್ಟೆಯನ್ನು ಪಕ್ಕದಲ್ಲಿಟ್ಟ.

"ನಾನು ಒಳಗೆ ಬರಲ್ಲ ಭಾವ. ನನ್ ಮುಖ ಇಲ್ದಿರೋ ಬಾಗ್ಲಲ್ಲಿ ನನ್ ಕಾಲು ಯಾಕೆ ಬರ್ಬೇಕು? ಆದ್ರೆ ಕೂಸು ನನ್ ತಂಗೀದು. ತೊಡೆ ಇಲ್ಲಿದೆ. ಕಳ್ಸೋದು ಬಿಡೋದು ನಿಮ್ಮಿಷ್ಟ. ಮುಹೂರ್ತ ಮುಗಿಯೋವರ್ಗೂ ಕೂತಿರ್ತೀನಿ, ಆಮೇಲೆ ಎದ್ದು ಹೋಗ್ತೀನಿ."

"ಬೀದಿಯಲ್ಲಾ? ನನ್ ಮಗಳ ಶಾಸ್ತ್ರ ಬೀದಿಯಲ್ಲಾ?" ವೇಲ್ಚಾಮಿಯ ಸರ ಕುಣಿಯಿತು. "ಲೇ, ಸಿಂಹಾಸನ ಹಾಕ್ಸಿದ್ದೀನಿ, ಡ್ರೋನ್ ತರ್ಸಿದ್ದೀನಿ, ಅಲ್ಲಿ ಜನ ಕಾಯ್ತಿದಾರೆ! ಇವನು ಹೋದ್ರೆ ಹೋಗ್ಲಿ. ನಮ್ ಕಡೆಯಲ್ಲಿ ಯಾರಾದ್ರೂ ಮಾವನ ಸ್ಥಾನದಲ್ಲಿ ಕೂತ್ರಾಯ್ತು. ಮಾರೀ, ಒಳಗೆ ನಡಿ!"

ಮಾರೀಶ್ವರಿ ಒಳಗೆ ನಡೆದಳು. ವೇಲ್ಚಾಮಿ ಗೆದ್ದವನಂತೆ ಪಕ್ಷದವರ ಕಡೆ ನೋಡಿ, "ಹೆಂಡ್ತಿ ಕಡೆಯೋರು ಅಂದ್ರೆ ಹೀಗೇ ಸಾರ್," ಅಂದ. ಅವರೂ ತಲೆಯಾಡಿಸಿದರು. ಬೀದಿಯಲ್ಲಿ ಇರುಳಪ್ಪನ್ ಕೂತೇ ಇದ್ದ. ಬಿಸಿಲು ಅವನ ನೆತ್ತಿಯ ಅಂಚಿಗೆ ಬಂದಿತ್ತು. ಸೊರ್ಣಂ ಹಲ್ಲು ಕಚ್ಚಿಕೊಂಡು, "ಏಳಿ ಅಂದ್ರೆ ಏಳಲ್ವಲ್ಲ, ಮಾನ ಇಲ್ವಾ ನಿಮ್ಗೆ" ಎಂದು ಗೊಣಗುತ್ತಿದ್ದಳು. ಎರಡು ನಿಮಿಷ ಹೋಯಿತು, ಮೂರು ಹೋಯಿತು.

ಮಾರೀಶ್ವರಿ ಹೊರಗೆ ಬಂದಳು. ಸೊಂಟದ ಮೇಲೆ ಮಗು, ಬೋಳಿಸಿದ ತಲೆಗೆ ಗಂಧ ಹಚ್ಚಿತ್ತು. ಹಿಂದೆ ಅಕ್ಕಸಾಲಿ, ಸೂಜಿಯ ಡಬ್ಬಿ ಹಿಡಿದುಕೊಂಡು. ವೇಲ್ಚಾಮಿ ಬಾಗಿಲಿಗೆ ಅಡ್ಡ ನಿಂತ.

"ಹೊಸಿಲು ದಾಟಿದ್ರೆ ನೋಡು!"

"ಹೊತ್ತಾಗ್ತಿದೆ, ಪಕ್ಕಕ್ಕೆ ಸರೀರಿ," ಅಂದಳು ಮಾರೀಶ್ವರಿ.

"ಯೋವ್ ಆಚಾರಿ, ನೀನೆಲ್ಲಿಗೆ? ನಿನ್ ಕರ್ಸಿದ್ದು ನಾನು!"

ಅಕ್ಕಸಾಲಿ ಮುದುಕ. ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, "ಮಾವನ ತೊಡೆ ಎಲ್ಲಿದೆಯೋ ಅಲ್ಲೇ ನನ್ ಸೂಜಿ ಯಜಮಾನ್ರೇ. ಸಿಂಹಾಸನದ ಕಿವಿ ಚುಚ್ಚೋಕೆ ನಂಗೆ ಬರಲ್ಲ," ಅಂದ.

ವೇಲ್ಚಾಮಿ ಸರಿದ. ಹೊಡೆಯಬಹುದಿತ್ತು; ಆದರೆ ಸುತ್ತ ಚಿತ್ರ ತೆಗೆಯಲು ಅಷ್ಟು ಫೋನುಗಳು ಎದ್ದಿದ್ದವು. ಇಂಥವರ ಸದ್ಗುಣಗಳಿಗೆಲ್ಲ ಹೀಗೆ ಹೊರಗಿನಿಂದಲೇ ಬೇಲಿ ಬೇಕು.

ಮಗು ಮಾವನ ತೊಡೆಯ ಮೇಲೆ ಕೂತಿತು. ಅವನು ಅದರ ತಲೆಯನ್ನು ಎದೆಗೆ ಒತ್ತಿ ಹಿಡಿದು, "ಅಲ್ನೋಡು, ಬಸ್ ಬಂತು, ಬಸ್ಸು" ಎಂದ. ಬಸ್ಸು ಬಂದಿರಲಿಲ್ಲ. ಮಗು ನೋಡುವಷ್ಟರಲ್ಲಿ ಬಲಗಿವಿ ಮುಗಿದಿತ್ತು. ಕಿರುಚಿಕೊಂಡಿತು. ಎಡಗಿವಿಯ ಹೊತ್ತಿಗೆ ಮಾವನ ಬಿಳಿ ಅಂಗಿಯ ತುಂಬ ಗಂಧ, ಸಿಂಬಳ, ಎರಡು ಹನಿ ರಕ್ತ. ಉರುಮೆ ಮತ್ತೆ ಶುರುವಾಯಿತು. ಮೇಲೆ ಡ್ರೋನು ಯಾರ ಅಪ್ಪಣೆಯನ್ನೂ ಕೇಳದೆ ಇದನ್ನೇ ಸುತ್ತುತ್ತಿತ್ತು.

ಆಮೇಲೆ ನಾವೇನು ಮಾಡಿದೆವು? ಒಳಗೆ ಹೋಗಿ ಬಿರಿಯಾನಿ ಉಂಡೆವು. ಎಲೆಯ ಮುಂದೆ ಕೂತು, "ವೇಲ್ಚಾಮಿ ಮಾಡಿದ್ದು ಸರಿಯಲ್ಲ" ಎಂದು ಒಬ್ಬರಿಗೊಬ್ಬರು ಮೆತ್ತಗೆ ಹೇಳಿಕೊಂಡು, ಇನ್ನೊಂದು ತುಂಡು ಬಡಿಸಿಕೊಂಡೆವು. ಈಗ ಕೇಳಿದರೆ ಅಲ್ಲಿದ್ದ ಸಾವಿರ ಜನರಲ್ಲಿ ಒಂಬೈನೂರು ಮಂದಿ ಅವತ್ತೇ ಬಾಗಿಲಲ್ಲೇ ವೇಲ್ಚಾಮಿಗೆ ಬೈದಿದ್ದಾರೆ.

ಜೆಯಕ್ಕೊಡಿಯನ್ನು ಯಾರೂ ಊಟಕ್ಕೆ ಕರೆಯಲಿಲ್ಲ. ಅವಳು ತಟ್ಟೆಗಳನ್ನು ಒಳಗೆ ಸಾಗಿಸಲು ಕೈ ನೀಡಿದಳು. ಸೊರ್ಣಂ ಅವಳ ಕೈಯಿಂದ ತಟ್ಟೆ ಕಿತ್ತುಕೊಂಡಳು.

"ನೀನು ಕೊನೇಲಿ ನಿಜ ಹೇಳ್ದೆ ಅಂತ ನಿನ್ನ ತಲೆ ಮೇಲೆ ಹೊತ್ಕೋಬೇಕಾ? ಅವನು ಹೇಳ್ದ, ನೀನು ಕೈಯಾರೆ ಮಾಡ್ದೆ. ನಂಗೆ ನೀವಿಬ್ರೂ ಒಂದೇ."

ಜೆಯಕ್ಕೊಡಿ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಅವಳ ಪರವಾಗಿ ನನಗೆ ಹೇಳಬೇಕೆನಿಸುವ ಮಾತುಗಳಿವೆ. ಆದರೆ ಸೊರ್ಣಂ ಹೇಳಿದ್ದನ್ನು ಅಳಿಸುವಂಥದ್ದು ಅವುಗಳಲ್ಲಿ ಒಂದೂ ಇಲ್ಲ.

ಅಣ್ಣಾಚ್ಚಿ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ದಯೆಯಿಂದಲ್ಲ. ಡ್ರೋನಿನ ಚಿತ್ರ ಊರೆಲ್ಲ ಹರಡಿ, ಬಾಗಿಲ ಮೇಲಿನ ಆ ಮಡಿಕೆಯನ್ನು ಕಂಡವರೆಲ್ಲ ಅಂಗಡಿ ಹುಡುಕಿಕೊಂಡು ಬರತೊಡಗಿದ್ದರು. ನನ್ನ ಊರಿನ ಮೇಲೆ ನನಗಿದ್ದ ಕೊನೆಯ ಆಸೆ ಸತ್ತದ್ದು ಆಗ. ಒಂದು ವಾರದಲ್ಲಿ ನಾಲ್ಕು ಜನ ಬಂದರು. ಆ ಶಾಸ್ತ್ರದಿಂದ ಅವರು ಕಲಿತದ್ದು ಒಂದೇ: ಹೀಗೂ ಮಾಡಬಹುದು.

ಮೊದಲು ಬಂದವನು ಜವಳಿ ಅಂಗಡಿಯವನು. ಮನೆ ಪ್ರವೇಶದ ಫ್ಲೆಕ್ಸು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದ.

"ಅಕ್ಕಾ, ನಮ್ ಚಿಕ್ಕಪ್ಪನ್ನ ಸ್ವಲ್ಪ ಮಡಚ್ಬೇಕಿತ್ತು. ಆಸ್ತಿ ಗಲಾಟೆ. ನಿಮ್ಗೆ ಗೊತ್ತಲ್ಲ."

"ಮಡಚೋಣ," ಅಂದಳು ಜೆಯಕ್ಕೊಡಿ. ಅಣ್ಣಾಚ್ಚಿಯ ಮುಖ ಅರಳಿತು. "ಅವರ್ನ ಕರ್ಕೊಂಡು ಬನ್ನಿ. ಇಲ್ಲಿ, ನನ್ ಪಕ್ಕ ಕೂರ್ಸಿ. ಅವರ ಕಣ್ಮುಂದೇನೇ ಮಡಚ್ತೀನಿ."

"ಏನಕ್ಕಾ ತಮಾಷೆ ಮಾಡ್ತೀರಾ?"

"ತಮಾಷೆ ಅಲ್ಲ. ಅವರು ನೋಡ್ತಾ ಇರ್ಬೇಕು, ನೀವು ಹೇಳ್ತಾ ಇರ್ಬೇಕು, ನಾನು ಮಡಚ್ತಾ ಇರ್ತೀನಿ. ಇನ್ಮೇಲೆ ಹಂಗೇನೇ."

ಅವನು ಎದ್ದು ಹೋದ. ಉಳಿದ ಮೂವರಿಗೂ ಇದೇ ಉತ್ತರ ಸಿಕ್ಕಿತು. ಅಣ್ಣಾಚ್ಚಿ ಮೇಜು ಗುದ್ದಿ, "ವ್ಯಾಪಾರ ಮಾಡೋಕೆ ಬಂದಿದ್ದೀಯೋ ಪಂಚಾಯ್ತಿ ಮಾಡೋಕೋ?" ಎಂದು ಕೇಳಿದ. ಅವಳು ಒಂದು ಸತ್ತವರ ಫ್ಲೆಕ್ಸಿಗೆ ಮುದುಕಿಯೊಬ್ಬಳ ಮುಖ ಕತ್ತರಿಸುತ್ತಲೇ ಇದ್ದಳು. ಚೌಕಾಸಿ ಮಾಡುವವರು, ಸಾಲ ಹೇಳುವವರು, ಮುಖ ಬೆಳ್ಳಗೆ ಮಾಡು ಎಂದು ಜೀವ ತಿನ್ನುವವರು ಈಗಲೂ ದಿನಾ ಬರುತ್ತಾರೆ. ಮಡಚಬೇಕಾದವನನ್ನು ಜೊತೆಗೆ ಕರೆತಂದವನು ಮಾತ್ರ ಇದುವರೆಗೆ ಒಬ್ಬನೂ ಇಲ್ಲ.